ಸೀಲು ಒಡೆಯದ ಬರಣಿ

ರನ್ನ ಬೆಳಗಲಿಯ ಕುರಿಗಾರರ ಓಣಿಯಲ್ಲಿ ಮ್ಯಾಟ್ರಿಕ್ ಪಾಸಾದವರಲ್ಲಿ ಹಾಲಸಿದ್ದಪ್ಪನೇ ಮೊದಲಿಗ. ಸಂಸ್ಥಾನ ಹೋಗಿ ಮುಂಬಯಿ ಸರ್ಕಾರದ ಆಳಿಕೆ ಬಂದ ಐದಾರು ವರ್ಷಕ್ಕೆ ಅವನಿಗೆ ತಾಲೂಕಿನ ಸರ್ಕಾರಿ ದವಾಖಾನೆಯಲ್ಲಿ ಕಾರಕೂನನ ಕೆಲಸ ಸಿಕ್ಕಿತು. ಬಂದ ರೋಗಿಗಳ ಹೆಸರು ಬರೆಯುವುದು ಅವನ ಕೆಲಸ. ಮನಸ್ಸು ಮಾತ್ರ ಹಿತ್ತಲಿನ ತಗಡಿನ ಕೋಣೆಯ ಮೇಲಿತ್ತು. ಅಲ್ಲಿ ಹೆಣ ಕೊಯ್ಯುತ್ತಿದ್ದರು. ಸಾತಪ್ಪ ಎಂಬ ವಯಸ್ಸಾದ ಜವಾನ ಕೊಯ್ಯುತ್ತಿದ್ದ, ಡಾಕ್ಟರು ಮೂಗಿಗೆ ಕರವಸ್ತ್ರ ಹಿಡಿದು ದೂರ ನಿಂತು ಹೇಳುತ್ತಿದ್ದರು, ಹಾಲಸಿದ್ದಪ್ಪ ಬರೆದುಕೊಳ್ಳುತ್ತಿದ್ದ.

ಸತ್ತವರೂ ಮಾತಾಡುತ್ತಾರೆ ಎಂಬುದು ಅವನಿಗೆ ಅಲ್ಲಿ ತಿಳಿಯಿತು. ನೀರಿಗೆ ಬಿದ್ದು ಸತ್ತವನ ಎದೆಯೊಳಗೆ ಏನಿರುತ್ತದೆ, ಸತ್ತ ಮೇಲೆ ನೀರಿಗೆ ಎಸೆದ ಹೆಣದ್ದು ಹೇಗಿರುತ್ತದೆ ಎಂದು ಸಾತಪ್ಪ ತೋರಿಸಿಕೊಟ್ಟ. ಅಕ್ಷರ ಬಾರದ ಸಾತಪ್ಪನಿಗೆ ಗೊತ್ತಿದ್ದದ್ದು ಡಾಕ್ಟರ ಪುಸ್ತಕದಲ್ಲಿಯೂ ಇತ್ತು. ಆ ಪುಸ್ತಕವನ್ನು ಡಾಕ್ಟರು ತಾವಾಗಿಯೇ ಅವನಿಗೆ ಓದಲು ಕೊಟ್ಟಿದ್ದರು.

"ಮುಂಬೈದಾಗ ಸರ್ಕಾರದ ಲ್ಯಾಬೋರೇಟರಿ ಐತಿ," ಎಂದರು ಒಮ್ಮೆ. "ಇಡೀ ಪ್ರಾಂತ್ಯದ ವಿಷದ ಕೇಸು ಅಲ್ಲಿಗೇ ಹೋಗ್ತಾವ. ನಿನ್ನಂಥಾ ಹುಡುಗ ಅಲ್ಲಿರಬೇಕು. ನಾ ಪತ್ರ ಬರೀತೀನಿ, ನೀ ಛಲೋತ್ನಂಗ ಕೆಲಸ ಮಾಡು."

ಅಂದಿನಿಂದ ಹಾಲಸಿದ್ದಪ್ಪ ಇಂಗ್ಲಿಷ್ ಹೆಸರುಗಳನ್ನು ಬಾಯಿಪಾಠ ಮಾಡತೊಡಗಿದ.

ಆ ಬೇಸಿಗೆಯಲ್ಲಿ ಗಲಗಲಿಯ ಕಡೆಯ ಒಂದು ಹಳ್ಳಿಯಿಂದ ಲಗಮವ್ವನ ಹೆಣ ಬಂತು. ಇಪ್ಪತ್ತು ವರ್ಷದ ಹೆಂಗಸು, ಹೊಳೆದಂಡೆಯ ಜಮೀನ್ದಾರ ಬಾಳಾಸಾಹೇಬನ ಹೆಂಡತಿ. ಕಾಲರಾ ಆಗಿ ಸತ್ತಳೆಂದು ಗಂಡನ ಮನೆಯವರು ಅವಸರದಲ್ಲಿ ಮಣ್ಣು ಮಾಡಲು ಹೊರಟಿದ್ದರು. ತಾಯಿ ಕರೆವ್ವ ಪೋಲೀಸ್ ಠಾಣೆಯ ಮುಂದೆ ಬಿಸಿಲಲ್ಲಿ ಕೂತು ಏಳಲೊಲ್ಲೆನೆಂದಳು. ಜನ ಕೂಡಿದರು. ಫೌಜದಾರ ಬೇರೆ ದಾರಿ ಕಾಣದೆ ಹೆಣವನ್ನು ದವಾಖಾನೆಗೆ ಕಳಿಸಿದ.

"ಊರಾಗ ಮತ್ತೊಬ್ಬರಿಗೆ ಕಾಲರಾ ಇಲ್ರೀ ಯಪ್ಪಾ," ಎಂದಳು ಕರೆವ್ವ, ಹೆಸರು ಬರೆಯುತ್ತಿದ್ದ ಹಾಲಸಿದ್ದಪ್ಪನಿಗೆ. "ಹಿಂದಿನ ದಿನ ಹತ್ತು ಮಂದಿಗೆ ರೊಟ್ಟಿ ಬಡದಾಳ. ಅಕಿ ಗಂಡಗ ಎರಡನೇ ಮದುವಿ ಮಾತು ನಡದಿತ್ತು. ನೀವು ಕಲತಾವ್ರು, ಖರೇದ್ದು ಬರೀರಿ."

ಸಾತಪ್ಪ ಹೊಟ್ಟೆಯ ಚೀಲವನ್ನು ಸೀಳಿ ಬೆಳಕಿಗೆ ಹಿಡಿದ. ಒಳಮೈ ಕೆಂಪು ಮಖಮಲ್ಲಿನಂತೆ ಉಬ್ಬಿತ್ತು, ನಡುನಡುವೆ ಬಿಳಿಯ ಹರಳಿನಂಥ ಕಣಗಳು. ಹಾಲಸಿದ್ದಪ್ಪ ಪುಸ್ತಕದಲ್ಲಿ ಓದಿದ್ದು ಕಣ್ಣ ಮುಂದಿತ್ತು.

"ಪಾಷಾಣ ಐತ್ರಿ ಸಾಹೇಬ್ರ," ಎಂದ.

ಡಾಕ್ಟರು ಹತ್ತಿರ ಬಂದು ಬಗ್ಗಿ ನೋಡಿದರು. "ಅದನ್ನ ಹೇಳೂದು ನಾವಲ್ಲ, ಮುಂಬೈ," ಎಂದರು. ಹೊಟ್ಟೆಯ ಚೀಲ, ಯಕೃತ್ತಿನ ಒಂದು ತುಂಡು, ಒಂದು ಮೂತ್ರಪಿಂಡ, ಇಷ್ಟನ್ನೂ ಉಪ್ಪುನೀರಿನ ಗಾಜಿನ ಬರಣಿಗೆ ಹಾಕಿಸಿದರು. ಸಂಜೆಯಾಗಿತ್ತು. ಬರಣಿಯನ್ನು ತಮ್ಮ ಕೋಣೆಯ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು.

ಮರುದಿನ ಬೆಳಿಗ್ಗೆ ಅರಗು ಕಾಯಿಸಿ, ದಾರ ಸುತ್ತಿ, ಹಾಲಸಿದ್ದಪ್ಪನ ಎದುರಿಗೇ ಸೀಲು ಒತ್ತಿದರು. ಚೀಟಿಯ ಮೇಲೆ ಅವನಿಂದಲೂ ಸಹಿ ಮಾಡಿಸಿದರು. "ಪೋಲೀಸನ ಸಂಗಾಟ ನೀನೂ ಹೋಗು. ಲ್ಯಾಬೋರೇಟರಿ ನೋಡಿಕೊಂಡ ಬಾ," ಎಂದರು.

ಕುಡಚಿಯಲ್ಲಿ ರೈಲು ಹತ್ತಿದಾಗಿನಿಂದ ಮುಂಬಯಿ ಮುಟ್ಟುವ ತನಕ ಬರಣಿಯಿದ್ದ ಪೆಟ್ಟಿಗೆ ಹಾಲಸಿದ್ದಪ್ಪನ ತೊಡೆಯ ಮೇಲೇ ಇತ್ತು. ಜೊತೆಗಿದ್ದ ಪೋಲೀಸ ನಿದ್ದೆ ಮಾಡಿದ, ಇವನು ಮಾಡಲಿಲ್ಲ. ಪ್ರಯೋಗಶಾಲೆಯ ಕಾರಕೂನ ಸೀಲನ್ನು ಎರಡು ಸಲ ನೋಡಿ, "ಎಲ್ಲ ಬರೋಬರಿ ಇದೆ," ಎಂದು ಮರಾಠಿಯಲ್ಲಿ ಹೇಳಿ ರಶೀದಿ ಕೊಟ್ಟ. ಬಿಳಿ ಕೋಟು ತೊಟ್ಟವರು ಗಾಜಿನ ನಳಿಗೆಗಳ ನಡುವೆ ಓಡಾಡುವುದನ್ನು ಹಾಲಸಿದ್ದಪ್ಪ ಬಾಗಿಲಲ್ಲಿ ನಿಂತು ನೋಡಿದ. ತಾನು ಹುಟ್ಟಿದ್ದು ಈ ಕೆಲಸಕ್ಕೇ ಎನಿಸಿತು ಅವನಿಗೆ.

ಮಳೆಗಾಲ ಅರ್ಧ ಕಳೆದ ಮೇಲೆ ವರದಿ ಬಂತು. ಒಂದೇ ಸಾಲು. ಯಾವ ವಿಷವೂ ಕಂಡುಬಂದಿಲ್ಲ.

ಹಾಲಸಿದ್ದಪ್ಪ ಅದನ್ನು ಮೂರು ಸಲ ಓದಿದ. ಹಿತ್ತಲಿಗೆ ಹೋಗಿ, ಕಟ್ಟೆ ತೊಳೆಯುತ್ತಿದ್ದ ಸಾತಪ್ಪನ ಮುಂದೆ ಸಿಟ್ಟು ಕಾರಿದ. "ನಮ್ಮ ಕಣ್ಣಿಗೆ ಕಂಡದ್ದು ಅಷ್ಟ ದೊಡ್ಡ ಮಂದಿಗೆ ಕಾಣಲಿಲ್ಲಾ? ಹೊಳ್ಳಿ ಬರಿಯೂಣು. ಇನ್ನೊಮ್ಮೆ ನೋಡ್ರಿ ಅನ್ನೂಣು."

ಸಾತಪ್ಪ ಕೊಡ ಕೆಳಗಿಟ್ಟ. "ಅವರ ತಪ್ಪಲ್ರಿ ಕಾರಕೂನ್ರ. ಅವರಿಗೆ ಹೋದದ್ದು ಆ ಹೆಣ್ಮಗಳದ್ದಲ್ಲ."

"ಮತ್ತ ಯಾರದು?"

"ಆ ವಾರ ಬಾವಿ ತೋಡಾವ ಒಬ್ಬ ಮಣ್ಣು ಕುಸದು ಸತ್ತಿದ್ನಲ್ರಿ, ಹೆಣ ಇನ್ನೂ ಕೋಣ್ಯಾಗ ಇತ್ತು, ಅವಂದು. ಅವತ್ತ ನೀವು ಮನಿಗೆ ಹೋದ ಮ್ಯಾಲ ಬಾಳಾಸಾಹೇಬನ ಜೀಪು ಬಂತು. ಸಾಹೇಬ್ರು ನನ್ನ ಕರದು, ಬರಣಿ ಚೆಲ್ಲಿ ಇದನ್ನ ಹಾಕು ಅಂದ್ರು. ಹಾಕಿದ್ನಿ. ನನಗೂ ಹೊಟ್ಟಿ ಐತ್ರಿ."

ಹಾಲಸಿದ್ದಪ್ಪ ನೇರವಾಗಿ ಡಾಕ್ಟರ ಕೋಣೆಗೆ ಹೋದ. "ಬರಣಿ ಬದಲಿ ಆಗೇತ್ರಿ," ಎಂದ.

ಡಾಕ್ಟರು ತಲೆಯೆತ್ತಿದರು. "ಯಾರು ಹೇಳಿದ್ರು?"

ಅವನು ಸಾತಪ್ಪನ ಹೆಸರು ಹೇಳಲಿಲ್ಲ.

"ಸೀಲು ಯಾರ ಮುಂದ ಹಾಕಿದ್ದು?"

"ನನ್ನ ಮುಂದರಿ."

"ಒಯ್ದಾವ ಯಾರು?"

"ನಾನ ರಿ."

"ದಾರ್ಯಾಗ ಸೀಲು ಒಡದಿತ್ತೇನು?"

"ಇಲ್ರಿ."

"ಹಂಗಾದ್ರ ಬದಲಿ ಮಾಡಿದಾವ ಯಾರು ಅಂತ ಕೋರ್ಟು ಕೇಳಿದ್ರ ಯಾರ ಕಡೆ ಬೆರಳ ಮಾಡತಿ?" ಡಾಕ್ಟರ ದನಿಯಲ್ಲಿ ಸಿಟ್ಟಿರಲಿಲ್ಲ. ಕಲಿಸುವಾಗಿನ ದನಿಯೇ ಅದು. ಮೇಜಿನ ಖಾನೆಯಿಂದ ಒಂದು ಲಕೋಟೆ ತೆಗೆದು ಮುಂದೆ ಸರಿಸಿದರು. ಮುಂಬಯಿಯಿಂದ ಬಂದದ್ದು. ಪ್ರಯೋಗಶಾಲೆಯಲ್ಲಿ ಸಹಾಯಕನ ಜಾಗ ಖಾಲಿ ಇದೆ, ತಾವು ಹೆಸರಿಸಿದ ಹುಡುಗನನ್ನು ಕಳಿಸಬಹುದು ಎಂದಿತ್ತು. "ನಾ ಕೊಟ್ಟ ಮಾತು ಉಳಿಸಿಕೊಂಡೀನಿ. ನೀ ವಿಚಾರ ಮಾಡು."

ಹಾಲಸಿದ್ದಪ್ಪ ಎರಡು ದಿನ ವಿಚಾರ ಮಾಡಿದ. ವಿಜಾಪುರಕ್ಕೆ ಹೋಗಿ ಕಲೆಕ್ಟರಿಗೆ ಅರ್ಜಿ ಕೊಡಬೇಕೆಂದು ಬರೆದ, ಹರಿದ. ಸಾತಪ್ಪ ಸಾಕ್ಷಿ ಹೇಳಲಾರ. ತನ್ನ ಸಹಿ ತನ್ನ ಕೊರಳಿಗೇ ಸುತ್ತಿಕೊಳ್ಳುತ್ತದೆ. ಇದು ಹೆದರಿಕೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಆದರೆ ಅರ್ಜಿ ಹರಿಯುವಾಗ ಕಣ್ಣ ಮುಂದೆ ಬಂದದ್ದು ಬಿಳಿ ಕೋಟು ಎಂಬುದೂ ಅವನಿಗೆ ಗೊತ್ತಿತ್ತು. ಮೂರನೆಯ ದಿನ ಲಕೋಟೆ ತೆಗೆದುಕೊಂಡ.

ಹೊರಡುವ ದಿನ ಅಪ್ಪ ಗಿರಮಲ್ಲಪ್ಪ ಹೊಸ ಕಂಬಳಿ ಹೊದಿಸಿ, ಬೀರದೇವರ ಅರಿಶಿನದ ಭಂಡಾರವನ್ನು ಮಗನ ಹಣೆಗೆ ಹಚ್ಚಿದ. ಬಸ್ಸಿನ ಹತ್ತಿರ ಜನರ ನಡುವೆ ದಾರಿ ಮಾಡಿಕೊಂಡು ಕರೆವ್ವ ಬಂದಳು. ಯಾರೋ ಸುದ್ದಿ ಹೇಳಿದ್ದರು. ಅವಳ ಕೈಯಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿಯ ಗಂಟಿತ್ತು.

"ನೀವ ಅಲ್ಲಿ ಸಾಹೇಬ್ರ ಆಗಿ ಹೊಂಟೀರಂತಲ್ರಿ, ಛಲೋ ಆತು," ಎಂದಳು. "ಆ ಮಂದಿಗೆ ನನ್ನ ಮಗಳ ಸಂಕಟ ತಿಳೀಲಿಲ್ಲ. ನೀವು ಅಕಿನ್ನ ಕಣ್ಣೀಲೆ ನೋಡೀರಿ. ಅಲ್ಲಿ ಹೋದಮ್ಯಾಲ ಅದನ್ನ ಹೊಳ್ಳಿ ಒಂದೀಟ ನೋಡ್ರಿ."

ಅವನ ಬಾಯಿಯ ತನಕ ಮಾತು ಬಂತು. ಅಪ್ಪ ಪಕ್ಕದಲ್ಲೇ ನಿಂತಿದ್ದ.

"ನೋಡತೇನ್ರಿ ಯವ್ವಾ," ಎಂದ.

ಅವಳು ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಮುಂಬಯಿಯಲ್ಲಿ ಹಾಲಸಿದ್ದಪ್ಪ ಒಳ್ಳೆಯ ಕೆಲಸಗಾರನೆಂದು ಹೆಸರು ಪಡೆದ. ಮೊದಲ ವರ್ಷ ಕರೆವ್ವನಿಂದ ನಾಲ್ಕು ಕಾರ್ಡು ಬಂದವು, ಸಾಲಿಯ ಮಾಸ್ತರರ ಕೈಬರಹದಲ್ಲಿ. ನೋಡಿದಿರೇನು ಎಂದು ಎಲ್ಲದರಲ್ಲೂ ಕೇಳಿದ್ದಳು. ನಾಲ್ಕನೆಯದರಲ್ಲಿ ಬಾಳಾಸಾಹೇಬನಿಗೆ ಗಂಡುಮಗು ಆಯಿತೆಂದೂ ಇತ್ತು. ಯಾವುದಕ್ಕೂ ಅವನು ಉತ್ತರ ಬರೆಯಲಿಲ್ಲ. ಎರಡನೆಯ ವರ್ಷ ಕಾರ್ಡು ಬರಲಿಲ್ಲ. ಅದರಿಂದ ಅವನಿಗೆ ಸಮಾಧಾನವಾಯಿತು.