ಕತ್ತರಿ ಕೊಡುವ ಕ್ರಮ

ಮಗಳು ಮೂರನೆಯ ಸಲ ತವರಿಗೆ ಓಡಿ ಬಂದಾಗ ಮಾಸ್ಟರ್ ಏನನ್ನೂ ಕೇಳಲಿಲ್ಲ. ಉಟ್ಟ ಬಟ್ಟೆಯಲ್ಲೇ ಬಂದಿದ್ದಳು, ಎಡಗಿವಿಯಲ್ಲಿ ಓಲೆ ಇದ್ದ ಜಾಗ ಹರಿದು ರಕ್ತ ಹೆಪ್ಪುಗಟ್ಟಿತ್ತು. ಹಿಂದಿನ ಎರಡು ಸಲವೂ ಅಳಿಯ ಬಂದು ಕೈಮುಗಿದಿದ್ದ, ಮಾಸ್ಟರ್ ನಾಲ್ಕು ಬುದ್ಧಿಮಾತು ಹೇಳಿ ಅವಳನ್ನು ಅವನ ಜೊತೆ ಕಳಿಸಿಕೊಟ್ಟಿದ್ದರು. ಆ ಬುದ್ಧಿಮಾತಿನ ಫಲ ಈಗ ಕಣ್ಣೆದುರಿಗೇ ಇತ್ತು.

"ನೀನಾಗಿ ಹೋಗ್ತೀನಿ ಅಂದ್ರೆ ಸರಿ. ಇಲ್ಲದಿದ್ರೆ ಯಾರೇ ಬಂದ್ರೂ ಕಳಿಸಲ್ಲ" ಎಂದರು. ಮಗಳು ನಂಬಿದ ಹಾಗೆ ಕಾಣಲಿಲ್ಲ. ಯಾಕಾದರೂ ನಂಬಬೇಕು?

ಮಾಸ್ಟರ್ ದರ್ಜಿ. ಅಂಗಡಿ, ಮನೆ ಎಲ್ಲ ಸೇರಿ ಎರಡೇ ಕೋಣೆ. ಮುಂದಿನದರಲ್ಲಿ ಹೊಲಿಗೆ ಯಂತ್ರ ಮತ್ತು ಬಟ್ಟೆ ಕತ್ತರಿಸುವ ಮೇಜು, ಹಿಂದಿನದರಲ್ಲಿ ಸಂಸಾರ, ನಡುವೆ ಒಬ್ಬರು ಮಾತ್ರ ನುಸುಳಬಹುದಾದ ಬಾಗಿಲು. ಎದುರಂಗಡಿಯ ಇಸ್ತ್ರಿಯವಳು ಬಂದು ಆ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದಳು. ಇಸ್ತ್ರಿ ಅಂಗಡಿ ಇಡುವ ಮೊದಲು ಇಪ್ಪತ್ತು ವರ್ಷ ಬಸ್ ನಿಲ್ದಾಣದಲ್ಲಿ ಒಬ್ಬಳೇ ಹಣ್ಣು ಮಾರಿ, ಪುಂಡರ ವಿದ್ಯೆಯನ್ನೆಲ್ಲ ಅರೆದು ಕುಡಿದಿದ್ದ ಹೆಂಗಸು ಅವಳು.

"ಅವನು ಈ ಸಲ ಒಬ್ಬನೇ ಬರಲ್ಲ ಮಾಸ್ಟರ್, ಗುಂಪು ಕಟ್ಕೊಂಡು ಬರ್ತಾನೆ. ಅವರ ಮಧ್ಯೆ ಹೋಗಿ ಸಿಕ್ಕಿಹಾಕ್ಕೋಬೇಡಿ. ಈ ಬಾಗಿಲಲ್ಲಿ ನಿಲ್ಲಿ, ಆಗ ಒಬ್ಬೊಬ್ಬನೇ ಬರಬೇಕಾಗುತ್ತೆ. ಮರ್ಯಾದೆ ಗಿರ್ಯಾದೆ ಅಂತ ಸುಮ್ಮನಿರಬೇಡಿ, ಗಂಟಲು ಹರಿಯೋ ಹಾಗೆ ಕೂಗಿ."

"ಕೈಯಲ್ಲಿ ಏನು ಹಿಡ್ಕೊಳ್ಳಲಿ?"

"ದಿನಾ ಏನು ಹಿಡೀತೀರೋ ಅದನ್ನೇ."

ದಿನಾ ಹಿಡಿಯುತ್ತಿದ್ದುದು ಗೇಣಿಗಿಂತ ಉದ್ದದ, ಭಾರದ ಕತ್ತರಿ. ಕಸುಬು ಕಲಿಸಿದ ಗುರು ಮೊದಲ ದಿನ ಹೊಲಿಗೆ ಕಲಿಸಿರಲಿಲ್ಲ, ಕತ್ತರಿ ಕೊಡುವುದನ್ನು ಕಲಿಸಿದ್ದರು. ಅಲಗು ನಿನ್ನ ಮುಷ್ಟಿಯಲ್ಲಿರಲಿ, ಹಿಡಿ ಎದುರಿನವರ ಕಡೆಗಿರಲಿ ಎಂದಿದ್ದರು. ನಲವತ್ತು ವರ್ಷದಲ್ಲಿ ಮಾಸ್ಟರ್ ಒಂದು ದಿನವೂ ಅದನ್ನು ತಪ್ಪಿರಲಿಲ್ಲ. ಮಗಳು ಚಿಕ್ಕವಳಿದ್ದಾಗ ಗೊಂಬೆಯ ಅಂಗಿಗೆಂದು ಸೂಜಿ ಕೇಳಿದರೂ ಮೊನೆಯನ್ನು ತಮ್ಮ ಕಡೆಗೆ ಇಟ್ಟುಕೊಂಡೇ ಕೊಡುತ್ತಿದ್ದರು.

ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವರು ಬಂದರು. ಅಳಿಯ, ಅವನ ಅಣ್ಣ, ಜೊತೆಗೆ ಇನ್ನಿಬ್ಬರು ದಾಂಡಿಗರು. ಒಬ್ಬ ಶಟರನ್ನು ಅರ್ಧಕ್ಕಿಂತ ಕೆಳಗೆ ಎಳೆದ. ಅಳಿಯ ಈ ಸಲ ಕೈಮುಗಿಯಲಿಲ್ಲ.

"ಅವಳನ್ನ ಕಳಿಸ್ತೀರೋ, ನಾವೇ ಎಳ್ಕೊಂಡು ಹೋಗಬೇಕೋ?"

ಅಂಗಿಯ ತೋಳು ಕತ್ತರಿಸುತ್ತಿದ್ದ ಮಾಸ್ಟರ್ ಕತ್ತರಿಯ ಸಮೇತ ಹಿಂದೆ ಸರಿದು ಬಾಗಿಲಲ್ಲಿ ನಿಂತರು. ಬೆನ್ನ ಹಿಂದೆ ಮಗಳ ಉಸಿರು ಕೇಳುತ್ತಿತ್ತು. ಕತ್ತರಿಯ ಮೊನೆ ನೆಟ್ಟಗಿತ್ತು. ಇಸ್ತ್ರಿಯವಳ ಮಾತು ಸುಳ್ಳಾಗಲಿಲ್ಲ. ಮೊದಲು ಮುಂದೆ ಹೋಗುವವರು ಯಾರೆಂದು ನಾಲ್ವರೂ ಮುಖ ಮುಖ ನೋಡಿಕೊಂಡರು.

ಆಗ ಅಳಿಯನ ಅಣ್ಣ ಅಂಗೈ ಚಾಚಿದ. ಕೂಗಾಡಲಿಲ್ಲ, ಗದರಲಿಲ್ಲ, ಪಕ್ಕದ ಯಂತ್ರದಲ್ಲಿ ಕೂತ ಕೆಲಸದವನು ಕೇಳುವ ಹಾಗೆ ಮೆಲ್ಲಗೆ ಕೇಳಿದ.

"ಮಾಸ್ಟರ್, ಕತ್ತರಿ ಇಲ್ಲಿ ಕೊಡಿ."

ಮಾಸ್ಟರ್ ಕೊಟ್ಟರು.

ಮನಸ್ಸಿಗಿಂತ ಮೊದಲೇ ಕೈ ತಿರುಗಿತು. ಅಲಗು ಮುಷ್ಟಿಯೊಳಗೆ ಬಂತು, ಹಿಡಿ ಅವನ ಅಂಗೈ ಸೇರಿತು. ಹಾಳು ಕೈ, ನಲವತ್ತು ವರ್ಷ ಪಳಗಿದ ಕೈ! ಕೊಟ್ಟವರಿಗೂ ತೆಗೆದುಕೊಂಡವನಿಗೂ ಒಂದು ಗಳಿಗೆ ಏನೂ ತೋಚಲಿಲ್ಲ. ಹೊಡೆದಾಟಕ್ಕೆ ಬಂದವನು, ಇಷ್ಟು ವಿನಯವಾಗಿ ಸಿಕ್ಕ ಕತ್ತರಿಯನ್ನು ಏನು ಮಾಡಬೇಕೆಂದು ತಿಳಿಯದೆ ಪೆಚ್ಚಾಗಿ ನಿಂತ. ಹಿಂದಿದ್ದ ದಾಂಡಿಗನೊಬ್ಬ ಗೊಳ್ಳೆಂದು ನಕ್ಕ.

ಆ ನಗುವಿಗೆ ಮಾಸ್ಟರ್‌ಗೆ ಮೈಯೆಲ್ಲ ಉರಿಯಿತು, ಉರಿಯ ಜೊತೆಗೆ ಎಚ್ಚರವೂ ಬಂತು. ಎರಡೂ ಕೈಗಳಿಂದ ಬಾಗಿಲ ಚೌಕಟ್ಟನ್ನು ಹಿಡಿದು ಕೂಗಿದರು. ಜನ್ಮದಲ್ಲಿ ದನಿ ಏರಿಸದ ಮನುಷ್ಯ ಬೀದಿಯ ಆ ತುದಿಗೆ ಕೇಳುವ ಹಾಗೆ ಕೂಗಿದರು. ಹೊಟ್ಟೆಗೆ ಒಂದು ಗುದ್ದು ಬಿತ್ತು, ಮುಖಕ್ಕೆ ಒಂದು. ಕೈ ಬಿಡಲಿಲ್ಲ. ಅಳಿಯ ಮೇಜಿನ ಮೇಲಿದ್ದ, ಬಟ್ಟೆ ಅಳೆಯುವ ಕಬ್ಬಿಣದ ಗಜಕಡ್ಡಿ ತೆಗೆದು ಅವರ ಬಲಗೈ ಬೆರಳುಗಳ ಮೇಲೆ ಬಾರಿಸಿದ, ಒಂದಲ್ಲ, ಮೂರು ಸಲ. ಮೂಳೆ ಮುರಿದ ಸದ್ದು ಮಾಸ್ಟರ್‌ಗೇ ಕೇಳಿಸಿತು. ಆಗಲೂ ಬಿಡಲಿಲ್ಲ. ಮಗಳು ಹಿಂದಿನಿಂದ ಅವರ ಸೊಂಟವನ್ನು ತಬ್ಬಿ ಹಿಡಿದು, ಬೀಳದಂತೆ ಒತ್ತುಕೊಟ್ಟು ನಿಂತಳು. ಅವಳೂ ಕೂಗತೊಡಗಿದಳು.

ಶಟರ್ ದಡಾರನೆ ಮೇಲೆದ್ದಿತು. ಇಸ್ತ್ರಿಯವಳು ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಿಡಿದು ನಿಂತಿದ್ದಳು, ಅವಳ ಹಿಂದೆ ಅರ್ಧ ಬೀದಿ.

"ಯಾರ ಬೆನ್ನು ಸುಕ್ಕಾಗಿದೆ? ಬನ್ರೋ, ಒಬ್ಬೊಬ್ಬರಾಗಿ ಬನ್ನಿ!"

ದಾಂಡಿಗರಿಬ್ಬರೂ ಓಟ ಕಿತ್ತರು. ಅಣ್ಣ ತಮ್ಮ ಸಿಕ್ಕಿಬಿದ್ದರು.

ಠಾಣೆಯಲ್ಲಿ ಮಾಸ್ಟರ್ ಹೇಳಿಕೆ ಬರೆದುಕೊಳ್ಳುತ್ತಿದ್ದ ಪೊಲೀಸಿನವನು ಅರ್ಧದಲ್ಲಿ ತಲೆ ಎತ್ತಿದ. "ಕೈಯಲ್ಲಿದ್ದ ಕತ್ತರೀನ ನೀವೇ ಕೊಟ್ರಾ? ಅದೂ ಹಿಡಿ ಅವನ ಕಡೆ ಮಾಡಿ?" ಬಂದ ನಗುವನ್ನು ಮರೆಸಲು ಕೆಮ್ಮಿದ. ಬೀದಿಯವರು ಕೆಮ್ಮುವ ಕಷ್ಟವನ್ನೂ ಪಡಲಿಲ್ಲ. ವಾರಗಟ್ಟಲೆ ಅದೇ ಮಾತು, ಅದೇ ನಗೆ. ಮಾಸ್ಟರ್ ತಲೆ ತಗ್ಗಿಸಿ ಓಡಾಡಿದರು.

ಬೆರಳಿನ ಕಟ್ಟು ಬಿಚ್ಚಿದಾಗ ಎರಡು ಬೆರಳು ಮಡಚಲಿಲ್ಲ, ಇನ್ನು ಮಡಚುವುದೂ ಇಲ್ಲವೆಂದರು ಡಾಕ್ಟರು. ಕತ್ತರಿ ಠಾಣೆಯಿಂದ ವಾಪಸ್ ಬಂದ ದಿನ ಮಾಸ್ಟರ್ ಅದನ್ನು ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತರು.

"ಕೇಳಿದವರಿಗೆ ಕೊಟ್ಟುಬಿಡೋದೇ ನನ್ನ ಬುದ್ಧಿ ಆಗ್ಹೋಗಿದೆ. ನಿನ್ನನ್ನೂ ಎರಡು ಸಲ ಹಾಗೇ ಕೊಟ್ಟೆ" ಎಂದರು.

ಮಗಳು ಇಲ್ಲವೆನ್ನಲಿಲ್ಲ. "ಹೌದಪ್ಪ, ಕೊಟ್ಟೆ. ಆ ಕೋಪ ನನಗಿನ್ನೂ ಹೋಗಿಲ್ಲ." ಅವರ ಮುರಿದ ಬೆರಳುಗಳನ್ನು ನೋಡಿದಳು. "ಆದ್ರೆ ಅವತ್ತು ಕತ್ತರಿ ಮಾತ್ರ ಕೊಟ್ಟೆ."

ಅಂದು ಅರ್ಧಕ್ಕೆ ನಿಂತಿದ್ದ ಅಂಗಿಯ ಬಟ್ಟೆಯನ್ನು ತಂದು ಹರಡಿದಳು. ಸೀಮೆಸುಣ್ಣದ ಗೆರೆ ಇನ್ನೂ ಅಳಿಸಿರಲಿಲ್ಲ.

"ಎಲ್ಲಿಂದ ಕತ್ತರಿಸಬೇಕು, ಹೇಳು" ಎಂದು ಕೈ ಚಾಚಿದಳು.

ಮಾಸ್ಟರ್‌ಗೆ ಬಲಗೈಯಲ್ಲಿ ಎತ್ತಲು ಆಗಲಿಲ್ಲ. ಎಡಗೈಯಲ್ಲಿ ಕತ್ತರಿ ತೆಗೆದುಕೊಂಡು, ಅಲಗನ್ನು ಮುಷ್ಟಿಯೊಳಗೆ ಮಾಡಿ, ಹಿಡಿಯನ್ನು ಮಗಳ ಕಡೆಗೆ ತಿರುಗಿಸಿ ಕೊಟ್ಟರು.