ಕಳೆದ ಮೇಲೆ ಉಳಿದ ಸದ್ದು

ಅಣ್ಣನಿಗೆ ಹಾಡಿನ ಕಸುಬಿನವರೆಲ್ಲ ಇಟ್ಟ ಹೆಸರು ಕಿವಿರಾಯ. ಎದುರಿಗೆ ಹೇಳಿದರೆ ಹೊಗಳಿಕೆ, ಬೆನ್ನ ಹಿಂದೆ ಹೇಳಿದರೆ ಹೊಟ್ಟೆಕಿಚ್ಚು. ಇಪ್ಪತ್ತೊಂಬತ್ತು ವರ್ಷದಿಂದ ಆತ ತನ್ನ ಸ್ಟುಡಿಯೋದಲ್ಲಿ ಮಾಡಿಕೊಂಡು ಬಂದದ್ದು ಮಿಕ್ಸಿಂಗ್ ಕೆಲಸ. ಬೇರೆಬೇರೆಯಾಗಿ ರೆಕಾರ್ಡ್ ಮಾಡಿದ ಗಾಯಕಿ, ಗಿಟಾರು, ಡ್ರಮ್ಮು, ಕೊಳಲುಗಳನ್ನೆಲ್ಲ ಹದವಾಗಿ ಕೂಡಿಸಿ ಒಂದು ಹಾಡು ಮಾಡಿಕೊಡುವುದು. ಯಾರೋ ಒಬ್ಬ ಗಾಯಕ ಹಾಡಿದ್ದನ್ನು ಕೇಳಿ, “ನಿಮ್ಮ ದವಡೆ ಹಲ್ಲು ಅಲ್ಲಾಡ್ತಿದೆ, ಡಾಕ್ಟರಿಗೆ ತೋರಿಸಿ” ಅಂತ ಕಳಿಸಿದ್ದನಂತೆ. ಇದು ನಡೆದದ್ದೋ ಜನ ಕಟ್ಟಿದ್ದೋ ದೇವರೇ ಬಲ್ಲ. ಕೇಳಿದರೆ ಅಣ್ಣ ನಗುತ್ತಾನೆ, ಅಷ್ಟೆ.

ತಂಗಿ ಅದೇ ಸ್ಟುಡಿಯೋದ ಪಕ್ಕದ ಕೋಣೆಯವಳು. ಹಾಡಿನ ತುಣುಕುಗಳನ್ನು ಕತ್ತರಿಸಿ ಜೋಡಿಸುವುದು, ನಡುವೆ ನುಸುಳಿದ ಕೆಮ್ಮು, ಕುರ್ಚಿಯ ಕಿರುಗುಟ್ಟು ತೆಗೆದುಹಾಕುವುದು ಅವಳ ಪಾಲಿನ ಕೆಲಸ. ನಲವತ್ತನಾಲ್ಕು ತುಂಬಿ, ತಲೆಯಲ್ಲಿ ನಾಲ್ಕು ಬಿಳಿ ಕೂದಲು ಇಣುಕಿದರೂ ಅಣ್ಣನ ಬಾಯಲ್ಲಿ ಅವಳಿನ್ನೂ ಪುಟ್ಟಿ.

ನಾಲ್ಕು ತಿಂಗಳಿಂದ ಇಬ್ಬರಿಗೂ ಒಂದೇ ಜಗಳ. ಹಳೆಯ ಕಂಪ್ಯೂಟರ್ ಮುಕ್ಕಾಲು ಪ್ರಾಣ ಬಿಟ್ಟಿತ್ತು. ಅದರಲ್ಲಿದ್ದ ಹಾಡು ಕೂಡಿಸುವ ಸಾಫ್ಟ್‌ವೇರ್ ಎಷ್ಟು ಓಲೈಸಿದರೂ ಹೊಸ ಯಂತ್ರದಲ್ಲಿ ಎದ್ದು ಕೂರಲಿಲ್ಲ. ಪಟ್ಟು ಹಿಡಿದು ಬೇರೆ ಸಾಫ್ಟ್‌ವೇರ್ ಹಾಕಿಸಿದವಳು ತಂಗಿ. ಹಾಕಿಸಿ ಎರಡು ದಿನವಾಗಿರಲಿಲ್ಲ, ಅಣ್ಣನ ಮುಖ ಗಂಟಾಯಿತು.

“ಪುಟ್ಟೀ, ಇದು ಸದ್ದನ್ನ ತಿಂದುಹಾಕುತ್ತೆ ಕಣೆ.”

“ಯಾವ ಸದ್ದನ್ನ?”

“ಮೇಲಿಂದು. ಡ್ರಮ್ಮಿನ ತಟ್ಟೆ ಹೊಡೆದಾಗ ಕೊನೇಲಿ ಒಂದು ಮಿಂಚು ಬರುತ್ತಲ್ಲ, ಅದು. ಹಾಡೋರ ಉಸಿರು. ಎಲ್ಲಾ ಮಂಕು. ಸ್ಪೀಕರಿಗೆ ಕಂಬಳಿ ಹೊದಿಸಿದ ಹಾಗಿದೆ.”

“ಅಣ್ಣಾ, ಅದು ಕೂಡಿಸೋ ಯಂತ್ರ. ಅಲ್ಲಿ ಎರಡೂ ಎರಡೂ ನಾಲ್ಕಾದ್ರೆ ಇಲ್ಲೂ ನಾಲ್ಕೇ. ಮಂಕು ನಾಲ್ಕು, ಹೊಳೆಯೋ ನಾಲ್ಕು ಅಂತ ಬೇರೆ ಇರುತ್ತಾ?”

“ನೀನು ಲೆಕ್ಕ ಕೇಳಿಸ್ಕೋ. ನಾನು ಹಾಡು ಕೇಳಿಸ್ಕೋತೀನಿ.”

ಇಂಥ ಮನುಷ್ಯನ ಹತ್ತಿರ ಏನು ವಾದ ಮಾಡುತ್ತೀರಿ! ತಂಗಿ ಬಾಗಿಲು ದಬ್ಬಿಕೊಂಡು ತನ್ನ ಕೋಣೆಗೆ ಹೋಗುತ್ತಿದ್ದಳು. ಅರ್ಧ ಗಂಟೆ ಬಿಟ್ಟು ಇಬ್ಬರಿಗೂ ಟೀ ಮಾಡಿಕೊಂಡು ಬರುತ್ತಿದ್ದವನು ಅಣ್ಣನೇ.

ಜಗಳ ಮನೆಯೊಳಗಿನದಾಗಿದ್ದರೆ ಹೀಗೇ ಸಾಗುತ್ತಿತ್ತೇನೋ. ಆದರೆ ಹನ್ನೊಂದು ವರ್ಷದಿಂದ ತನ್ನ ನಾಟಕಗಳ ಹಾಡುಗಳನ್ನೆಲ್ಲ ಇವರ ಹತ್ತಿರವೇ ಮಾಡಿಸುತ್ತಿದ್ದ ನಿರ್ದೇಶಕಿ, ಅಣ್ಣ ಮಾಡಿದ ಹಾಡನ್ನು ಸಾಲಾಗಿ ಮೂರನೆಯ ಸಲ ವಾಪಸು ಕಳಿಸಿದಳು. ಜೊತೆಗೊಂದು ಸಂದೇಶ. “ಸೂಜಿ ಚುಚ್ಚಿದ ಹಾಗಿದೆ, ನಮ್ಮವರೆಲ್ಲ ಕಿವಿ ಮುಚ್ಚಿಕೊಂಡರು. ಮುಂದಿನ ಸೋಮವಾರ ನಾಟಕ. ಈ ಸಲವೂ ಹೀಗೇ ಬಂದರೆ ಬೇರೆ ಕಡೆ ಮಾಡಿಸಿಕೊಳ್ಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.”

“ನೋಡಿದ್ಯಾ? ನಿನ್ನ ಸಾಫ್ಟ್‌ವೇರ್ ನನ್ನ ಮಾನ ಕಳೀತು,” ಅಂದ ಅಣ್ಣ.

ತಂಗಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಬದಲಿಗೆ ತಲೆಯಲ್ಲಿ ಹುಳ ಹೊಕ್ಕಿತು. ಅಣ್ಣನಿಗೆ ಮಂಕು, ನಾಟಕದವರಿಗೆ ಸೂಜಿ. ಒಂದೇ ಸಾಫ್ಟ್‌ವೇರ್ ಒಂದೇ ಹಾಡನ್ನು ಒಬ್ಬರಿಗೆ ಮಂಕು ಮಾಡಿ ಇನ್ನೊಬ್ಬರಿಗೆ ಚುಚ್ಚುವುದು ಹೇಗೆ? ಊಟಕ್ಕೆ ಕೂತರೂ ಇದೇ, ಹಲ್ಲುಜ್ಜುವಾಗಲೂ ಇದೇ. ಕೊನೆಗೆ ಶನಿವಾರ ಬೆಳಿಗ್ಗೆ ಬಂದವಳೇ, “ಅಣ್ಣಾ, ಒಂದನ್ನ ಇನ್ನೊಂದರಿಂದ ಕಳೆದು ನೋಡಿಬಿಡೋಣ,” ಅಂದಳು.

ಕಳೆಯುವುದು ಅಂದರೆ ಇಷ್ಟೇ. ಒಂದೇ ಹಾಡನ್ನು ಎರಡು ಸಾಫ್ಟ್‌ವೇರ್‌ನಲ್ಲೂ ಒಂದೇ ಅಳತೆಯಲ್ಲಿ ಕೂಡಿಸಬೇಕು. ಆಮೇಲೆ ಒಂದರ ಅಲೆಗಳನ್ನು ತಲೆಕೆಳಗು ಮಾಡಿ ಎರಡನ್ನೂ ಒಟ್ಟಿಗೆ ಹಾಕಬೇಕು. ಒಂದು ಅಲೆ ಸ್ಪೀಕರನ್ನು ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆಯುತ್ತದೆ. ಎರಡೂ ಒಂದೇ ಆಗಿದ್ದರೆ ಐದರಲ್ಲಿ ಐದು ಹೋಗಿ ಸೊನ್ನೆ, ಪೂರ್ತಿ ನಿಶ್ಶಬ್ದ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೆ ಆ ವ್ಯತ್ಯಾಸವಷ್ಟೇ ಕೇಳಿಸುತ್ತದೆ. ಸುಳ್ಳು ಹೇಳಲು ಜಾಗವೇ ಇಲ್ಲದ ಪರೀಕ್ಷೆ.

ಅಣ್ಣ ಒಪ್ಪಿದ. “ಮಾಡು. ಬೇರೆಬೇರೆ ಅಂತ ಬಂದ್ರೆ ಎಲ್ಲಿಂದಾದ್ರೂ ಹಳೇದನ್ನೇ ಹುಡುಕಿ ತಂದು ಹಾಕು. ಒಂದೇ ಅಂತ ಬಂದ್ರೆ, ಕೆಟ್ಟಿರೋದು ನಾನು ಅಂತಾಯ್ತು. ಆಮೇಲೆ ನಾನು ಯಾರ ಹಾಡನ್ನೂ ಮುಟ್ಟಲ್ಲ ಪುಟ್ಟಿ.”

ತಮಾಷೆಗೆ ಹೇಳಿದ ಮಾತಲ್ಲ ಅದು. ತಂಗಿ, ಬೇಡ ಅಂದುಬಿಡಲೇ ಅಂದುಕೊಂಡಳು. ಆದರೆ ಹುಳ ಸುಮ್ಮನಿರಬೇಕಲ್ಲ.

ಹಳೆಯ ಕಂಪ್ಯೂಟರನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿದರು. ನಲವತ್ತು ನಿಮಿಷಕ್ಕೆ ಕಾದು ಆರಿಹೋಗುವ ಜಾತಿ ಅದು, ಹಾಗಾಗಿ ಅದರ ಬೆನ್ನಿಗೆ ಟೇಬಲ್ ಫ್ಯಾನ್ ತಿರುಗಿಸಿಟ್ಟರು. ಅದರಲ್ಲಿ ಅಣ್ಣ ಹಿಂದೆ ಮಾಡಿದ್ದ ಒಂದು ಹಾಡು ತೆರೆದರು. ಹೊಸದರಲ್ಲಿ ಅಣ್ಣ ತಾನು ದಿನಾ ಕೆಲಸ ಶುರುಮಾಡುವ ಖಾಲಿ ಪಟ್ಟಿಯನ್ನು ತೆರೆದ. ಪ್ರತಿ ಹಾಡಿಗೂ ಮೊದಲಿಂದ ಎಲ್ಲ ಜೋಡಿಸುವ ತಾಪತ್ರಯ ಬೇಡವೆಂದು ಕಸುಬಿನವರು ಇಂಥದ್ದೊಂದು ಸಿದ್ಧಮಾಡಿಟ್ಟುಕೊಳ್ಳುತ್ತಾರೆ. ಅದಕ್ಕೆ ಅದೇ ಹಾಡಿನ ಇಪ್ಪತ್ತಮೂರು ತುಣುಕುಗಳನ್ನು ತುಂಬಿದರು. ತಂಗಿ ಹಳೆಯ ಪರದೆ ನೋಡಿ ಒಂದೊಂದರ ಸದ್ದಿನ ಮಟ್ಟ ಕೂಗುತ್ತ ಹೋದಳು, ಅಣ್ಣ ಹೊಸದರಲ್ಲಿ ಅಷ್ಟಕ್ಕೇ ಇಡುತ್ತ ಹೋದ.

“ಗಾಯಕಿ, ಕಳೆ ಆರು.”

“ಕಳೆ ಆರು.”

“ಗಿಟಾರು, ಕಳೆ ಒಂಬತ್ತು, ಎಡಕ್ಕೆ ಮೂವತ್ತು.”

“ಎಡಕ್ಕೆ ಮೂವತ್ತು. ಮುಂದೆ.”

ಶಾಲೆಯಲ್ಲಿ ಹಾಜರಿ ಕೂಗಿದಂತೆ ಇಪ್ಪತ್ತಮೂರೂ ಮುಗಿಯಿತು. ಗುಂಗು, ಪ್ರತಿಧ್ವನಿ ಮುಂತಾದ ಅಲಂಕಾರವನ್ನೆಲ್ಲ ಎರಡರಲ್ಲೂ ತೆಗೆದರು. ಬರಿಯ ಕೂಡಿಕೆ ಮಾತ್ರ ಉಳಿಯಲಿ ಎಂದು. ಹಳೆಯ ಯಂತ್ರ ತನ್ನ ಪಾಲಿನ ಹಾಡನ್ನು ಕೊಟ್ಟು ಎರಡು ನಿಮಿಷಕ್ಕೆ ಆರಿಹೋಯಿತು. ತಂಗಿ ಅದನ್ನು ತಲೆಕೆಳಗು ಮಾಡಿ, ಹೊಸದರ ಮೇಲೆ ಹೇರಿ, ಗುಂಡಿ ಒತ್ತಿದಳು.

ನಿಶ್ಶಬ್ದವೂ ಇಲ್ಲ, ಗಿಶ್ಶಬ್ದವೂ ಇಲ್ಲ! ಗಾಯಕಿ ದೂರದ ಬೀದಿಯಿಂದ ಹಾಡುತ್ತಿರುವಂತೆ ಸಣ್ಣಗೆ ಕೇಳಿಸಿದಳು.

“ಸಿಕ್ತು ನೋಡು ಕಳ್ಳ!” ಅಣ್ಣ ತೊಡೆ ತಟ್ಟಿದ. “ಎರಡೂ ಎರಡೂ ನಾಲ್ಕಂತೆ! ಏನೇ ಇದು ಹಾಗಾದ್ರೆ?”

ತಂಗಿಗೆ ನಂಬಲಾಗಲಿಲ್ಲ. ಕೇಳಿಸುತ್ತಿದ್ದದ್ದು ಹೆಚ್ಚಾಗಿ ಗಾಯಕಿ, ಡ್ರಮ್ಮು. ಅಂದರೆ ನಟ್ಟನಡುವೆ ಇಟ್ಟ ಸದ್ದುಗಳು. ಎಡಬಲದ ಗಿಟಾರುಗಳ ಸುಳಿವೇ ಇಲ್ಲದಷ್ಟು ಕಡಿಮೆ. ತಣ್ಣಗಾದ ಹಳೆಯ ಯಂತ್ರವನ್ನು ಮತ್ತೆ ಎಬ್ಬಿಸಿ, ಅವಳು ಎರಡೂ ಸಾಫ್ಟ್‌ವೇರ್‌ನ ಒಳಗಿನ ಪಟ್ಟಿಗಳನ್ನೆಲ್ಲ ಜಾಲಾಡಿದಳು. ನಡುವಿನ ಸದ್ದು ಎರಡು ಸ್ಪೀಕರಿನಲ್ಲೂ ಬರುವುದರಿಂದ ಅದನ್ನು ತುಸು ತಗ್ಗಿಸುವ ರೂಢಿ ಎರಡಕ್ಕೂ ಇತ್ತು. ಒಂದು ಮೂರಂಶ ತಗ್ಗಿಸುತ್ತಿತ್ತು, ಇನ್ನೊಂದು ನಾಲ್ಕೂವರೆ. ಮೂಲೆಯಲ್ಲೊಂದು ಆಯ್ಕೆ, ಹೊಸದರಲ್ಲಿ ಅದನ್ನು ಬದಲಿಸಿ ಹಾಡನ್ನು ಮತ್ತೆ ಕೂಡಿಸಿದಳು.

“ಅಯ್ಯೋ, ಇಷ್ಟೇನಾ?” ಅಂದ ಅಣ್ಣನ ದನಿ ಇಳಿದಿತ್ತು.

“ಇಷ್ಟೇ. ಈಗ ಕೇಳು.”

ಎರಡನೆಯ ಸಲ ಗುಂಡಿ ಒತ್ತಿದಳು. ಅಣ್ಣ ಕಣ್ಣು ಮುಚ್ಚಿ, ಕತ್ತು ಮುಂದೆ ಚಾಚಿ ಕೂತ. ಹತ್ತು ಸೆಕೆಂಡು, ಇಪ್ಪತ್ತು, ಅರ್ಧ ನಿಮಿಷ. ನಿಧಾನವಾಗಿ ಕಣ್ಣು ಬಿಟ್ಟ.

“ಸೊನ್ನೆ,” ಅಂದ. “ಏನೂ ಇಲ್ಲ. ನೀನೇ ಗೆದ್ದೆ ಪುಟ್ಟಿ.”

ತಂಗಿ ಅವನ ಮುಖವನ್ನೇ ನೋಡಿದಳು. ಕಾಲೆಳೆಯುವುದರಲ್ಲಿ ಎತ್ತಿದ ಕೈ ಅವನು, ಈಗ ನಗುತ್ತಾನೆ, ಈಗ ನಗುತ್ತಾನೆ ಎಂದು ಕಾದಳು. ಯಾಕೆಂದರೆ ಸ್ಪೀಕರಿನಿಂದ ಸದ್ದು ಬರುತ್ತಿತ್ತು. ಡ್ರಮ್ಮಿನ ತಟ್ಟೆಗಳ ಚ್ಸ್ ಚ್ಸ್, ಗಾಯಕಿಯ ಮಾತುಗಳೆಲ್ಲ ಹೋಗಿ ಅವುಗಳ ‘ಸ’ಕಾರಗಳಷ್ಟೇ ಉಳಿದು, ಬಾಗಿಲಾಚೆ ಯಾರೋ ಪಿಸುಗುಟ್ಟುವ ಹಾಗೆ. ಸ್ಪಷ್ಟವಾಗಿ, ಲಕ್ಷಣವಾಗಿ ಕೇಳಿಸುತ್ತಿತ್ತು.

“ನಿಲ್ಲಿಸೇ. ಖಾಲಿ ಸ್ಪೀಕರ್ ಎಷ್ಟು ಹೊತ್ತು ಕೇಳೋದು?”

ಅವನು ನಗಲಿಲ್ಲ. ಹೋದ ವಾರ ಅತ್ತಿಗೆ ಫೋನಿನಲ್ಲಿ ಬೈದದ್ದು ಅವಳಿಗೆ ನೆನಪಾಯಿತು. ಫ್ರಿಜ್ಜಿನ ಬಾಗಿಲು ತೆರೆದಿಟ್ಟು, ಅದು ಕೀಂ ಕೀಂ ಎಂದು ಬಡಿದುಕೊಳ್ಳುತ್ತಿದ್ದರೂ ನಿಮ್ಮಣ್ಣ ಪಕ್ಕದಲ್ಲೇ ಪೇಪರ್ ಓದುತ್ತ ಕೂರುತ್ತಾರೆ, ಬೇಕಂತಲೇ, ಎಂದಿದ್ದಳು. ಇಬ್ಬರೂ ಸೇರಿ ನಕ್ಕಿದ್ದರು. ಈಗ ತಂಗಿಗೆ ಮಂಕು ಯಾಕೆ, ಸೂಜಿ ಯಾಕೆ, ಎರಡೂ ಒಟ್ಟಿಗೆ ತಿಳಿಯಿತು. ಈ ಪರೀಕ್ಷೆ ಮಾಡಲೇಬಾರದಿತ್ತು, ತನ್ನ ಕುತೂಹಲಕ್ಕೆ ಬೆಂಕಿ ಬೀಳಲಿ ಎಂದು ಶಪಿಸಿಕೊಂಡಳು.

ನಿಲ್ಲಿಸಲು ಕೈ ಚಾಚಿದಳು. ಅಷ್ಟರಲ್ಲಿ ಅಣ್ಣ ಪರದೆ ನೋಡುತ್ತಿದ್ದ. ಸದ್ದಿನ ಮಟ್ಟ ತೋರಿಸುವ ಎರಡು ಹಸಿರು ಪಟ್ಟಿಗಳು ತಟ್ಟೆಯ ತಾಳಕ್ಕೆ ಸರಿಯಾಗಿ ಎದ್ದೆದ್ದು ಬೀಳುತ್ತಿದ್ದವು.

“ಸೊನ್ನೆ ಆದ್ರೆ ಇದ್ಯಾಕೆ ಕುಣೀತಿದೆ?”

“ಮೀಟರ್ ಕೆಟ್ಟಿರಬೇಕು.”

“ಮೀಟರ್ ಸುಳ್ಳು ಹೇಳಲ್ಲ. ನೀನು ಹೇಳ್ತೀಯ, ಚಿಕ್ಕವಳಿದ್ದಾಗಿಂದ.” ಅವನು ಕುರ್ಚಿ ಅವಳತ್ತ ತಿರುಗಿಸಿದ. “ನಿಂಗೆ ಕೇಳಿಸ್ತಿದೆಯಾ?”

ಅವಳು ತಲೆ ತಗ್ಗಿಸಿ “ಹೂಂ” ಅಂದಳು.

ಅಣ್ಣ ಸದ್ದು ಏರಿಸುವ ದೊಡ್ಡ ಗುಂಡಿಗೆ ಕೈ ಹಾಕಿ ತಿರುಗಿಸತೊಡಗಿದ. ಸ್ಪೀಕರಿನ ಕಡೆ ನೋಡದೆ ತಂಗಿಯ ಮುಖವನ್ನೇ ನೋಡುತ್ತ ತಿರುಗಿಸಿದ. ಸದ್ದು ಏರಿತು, ಇನ್ನೂ ಏರಿತು. ಅವಳ ಹುಬ್ಬು ಗಂಟಿಕ್ಕಿತು, ಹಲ್ಲು ಕಚ್ಚಿದಳು, ಕೊನೆಗೆ ತಡೆಯಲಾರದೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಅಣ್ಣ ಇನ್ನೂ ಕತ್ತು ಚಾಚಿ ಹುಡುಕುತ್ತಲೇ ಇದ್ದ. ಅವಳ ಕೈ ಕಂಡದ್ದೇ ಗಾಬರಿಯಾಗಿ ಗುಂಡಿಯನ್ನು ಪೂರ್ತಿ ಇಳಿಸಿಬಿಟ್ಟ.

“ನೋವಾಯ್ತೇನೇ?”

“ಇಲ್ಲ.” ಅವಳ ಕಣ್ಣು ತುಂಬಿತ್ತು.

“ಹೇಗಿತ್ತು?”

“ಬರೀ ಸ್ ಸ್ ಅಂತ. ತಟ್ಟೆ, ಮತ್ತೆ ಅವಳ ಸಕಾರ.”

“ಮೇಲಿಂದಷ್ಟೇ ಉಳಿದಿದೆ,” ಅಂದ ಅಣ್ಣ ತನಗೆ ತಾನೇ. ಅವನಿಗೂ ಹುಳ ಹೊಕ್ಕಿತ್ತು. ಅವರ ಮನೆತನದ ರೋಗ ಅದು. ಅಳಬೇಕಾದ ಹೊತ್ತಿನಲ್ಲಿ ಹಾಡಿನ ಪಟ್ಟಿಯನ್ನು ಒಂದೊಂದೇ ಸಾಲು ತಡಕಾಡತೊಡಗಿದ. ಇಪ್ಪತ್ತಮೂರೂ ಸರಿಯಾಗಿದ್ದವು. ಕೆಳಗೆ, ಎಲ್ಲವೂ ಹಾದುಹೋಗುವ ಕೊನೆಯ ಸಾಲಿನಲ್ಲಿ, ಚೂಪು ಸದ್ದನ್ನು ಎತ್ತುವ ಗುಂಡಿ ಸೊನ್ನೆಯಿಂದ ನಾಲ್ಕೂವರೆ ಅಂಶ ಮೇಲಿತ್ತು.

“ಖಾಲಿ ಪಟ್ಟಿ ಅಂತ ತೆರೆದ್ನಲ್ಲ,” ಅಂದ. “ಮಂಕು ಅನ್ನಿಸಿದಾಗೆಲ್ಲ ಅರ್ಧ ಅರ್ಧ ಏರಿಸಿ ಅದರಲ್ಲೇ ಉಳಿಸಿದ್ದೀನಿ. ನಾಲ್ಕು ತಿಂಗಳು! ನನಗೆ ನೆನಪೇ ಇಲ್ಲ ನೋಡು. ಪಾಪ, ಆ ನಾಟಕದವರು!” ಅಷ್ಟು ಹೇಳಿ ನಕ್ಕ. ನಗು ಅರ್ಧದಲ್ಲೇ ಒಡೆಯಿತು.

“ಅಣ್ಣಾ, ಬಿಡು ಈಗ.”

“ಬಿಡೋದಾ? ಪರೀಕ್ಷೆ ಮುಗಿದಿಲ್ಲ.” ಆ ಗುಂಡಿಯನ್ನು ಸೊನ್ನೆಗೆ ತಂದು, ಹಾಡನ್ನು ಮತ್ತೆ ಕೂಡಿಸಿ, ಮತ್ತೆ ಕಳೆದ. ಹಸಿರು ಪಟ್ಟಿಗಳು ಅಲ್ಲಾಡಲಿಲ್ಲ.

“ಈಗ?”

“ಏನೂ ಇಲ್ಲ.”

“ನನ್ನಾಣೆಗೂ?”

“ನಿನ್ನಾಣೆಗೂ ಏನೂ ಇಲ್ಲ ಅಣ್ಣ.”

ಹಾಡು ಮುಗಿಯುವ ತನಕ, ಪೂರ್ತಿ ಮೂರೂವರೆ ನಿಮಿಷ, ಇಬ್ಬರೂ ಆ ನಿಶ್ಶಬ್ದ ಕೇಳುತ್ತ ಕೂತರು. ಆಮೇಲೆ ಅಣ್ಣ ಕನ್ನಡಕ ಒರೆಸಿಕೊಂಡು ಫೋನ್ ಎತ್ತಿದ. ತಂಗಿ ಅವನ ಮೊಣಕೈ ಹಿಡಿದಳು. ಈಗಲೇ ಯಾಕೆ, ಯಾರಿಗೂ ಗೊತ್ತಾಗಬೇಕಿಲ್ಲ, ಮೇಲಿನ ಚೂಪು ಸದ್ದನ್ನು ಗುಟ್ಟಾಗಿ ತಾನೇ ನೋಡಿಕೊಳ್ಳುತ್ತೇನೆ ಎಂದಳು. ಅಣ್ಣ ಅವಳ ಕೈಯನ್ನು ಮೆಲ್ಲಗೆ ಬಿಡಿಸಿದ.

“ಮೇಡಂ, ನಾನು. ಹಾಡು ಸೋಮವಾರದೊಳಗೆ ಬರುತ್ತೆ, ಈ ಸಲ ಚುಚ್ಚಲ್ಲ. ನನ್ನ ತಂಗಿ ಮಾಡ್ತಾಳೆ.” ಆ ಕಡೆಯಿಂದ ಏನೋ ಉದ್ದಕ್ಕೆ ಕೇಳಿಬಂತು. ಹೊಸ ಸಾಫ್ಟ್‌ವೇರ್ ಬಗ್ಗೆ ಅವನು ಆಡಿಕೊಂಡದ್ದನ್ನೆಲ್ಲ ನಿರ್ದೇಶಕಿಯೂ ಕೇಳಿದ್ದಳಲ್ಲ. ಅಣ್ಣ ತಾಳ್ಮೆಯಿಂದ ಕೇಳಿಸಿಕೊಂಡ.

“ಇಲ್ಲ ಮೇಡಂ, ಅದಕ್ಕೇನೂ ಆಗಿಲ್ಲ, ಚೆನ್ನಾಗೇ ಇದೆ. ಇವತ್ತು ಕಳೆದು ನೋಡಿದ್ವಿ,” ಅಂದ. “ಹೋಗಿರೋದು ನನ್ನ ಕಿವಿ.”