ಸಾಂಬ್ರಾಣಿ ಹಾಕಿಸಿಕೊಂಡ ಜಿಂಕೆಮರಿ

ಬಚ್ಚಮ್ಮನ ಮನೆಯ ಹೊಸ್ತಿಲು ದಾಟುವ ಮೊದಲೇ ಗಂಗಾಲಕ್ಷ್ಮಿಯ ಮೂಗಿಗೆ ಸಾಂಬ್ರಾಣಿ ಹೊಗೆ ಬಡಿಯಿತು. ಒಳಗೆ ನೋಡಿದರೆ ಗೋಣಿತಾಟಿನ ಮೇಲೆ ಕೃಷ್ಣಮೃಗದ ಮರಿ! ಹುಟ್ಟಿ ನಾಲ್ಕು ದಿನವೂ ಆಗಿರಲಿಕ್ಕಿಲ್ಲ. ಮೈಗೆಲ್ಲ ಅರಿಸಿನ, ಹಣೆಗೆ ಕುಂಕುಮ, ಕೊರಳಲ್ಲಿ ಕರುವಿನ ಗೆಜ್ಜೆ. ಬಾಣಂತಿ ಮನೆಯ ಕೂಸಿಗೆ ಆಗಬೇಕಾದ ಉಪಚಾರದಲ್ಲಿ ಒಂದೂ ಬಿಟ್ಟುಹೋಗಿರಲಿಲ್ಲ.

“ರೇಷ್ಮೆ ಸೊಪ್ಪು ಕುಯ್ಯಕ್ಕೆ ಹೋಗಿದ್ನಮ್ಮ. ತೋಟದ ಬದೀಲಿ ಒಂದೇ ಬಿದ್ದಿತ್ತು, ಅಯ್ಯೋ ಪಾಪಂ. ತಾಯಿ ಸತ್ತೋಗಿರ್ಬೇಕು ಅಂತ ಸೆರಗಲ್ಲಿ ಸುತ್ಕೊಂಡ್ ಬಂದೆ,” ಎಂದಳು ಬಚ್ಚಮ್ಮ.

ಊರಲ್ಲಿ ಯಾರಿಗೆ ಹೆರಿಗೆಯಾದರೂ ಕೂಸಿಗೆ ನೀರು ಹಾಕಲು ಈ ಅಜ್ಜಿಯೇ ಬರಬೇಕು. ಆ ಕೈಗೆ ಜಿಂಕೆಮರಿ ಸಿಕ್ಕರೆ ಅದು ತಾನೇ ಇನ್ನೇನು ಮಾಡೀತು? ಫೋಟೋಗೆಂದು ರೇಷ್ಮೆ ಸೀರೆ ಬೇರೆ ಉಟ್ಟಿದ್ದಳು. ಪೇಪರಿನ ಮುರಳಿಮೋಹನ್ ಆಗಲೇ ಬಂದು ಹತ್ತು ಫೋಟೋ ಹೊಡೆದಾಗಿತ್ತು. ‘ಅನಾಥ ಮರಿಗೆ ಅಜ್ಜಿಯ ಮಡಿಲು’ ಎಂಬ ಹೆಡ್ಡಿಂಗೂ ಅವನ ಬಳಿ ಸಿದ್ಧವಿತ್ತು.

ತೋಟದ ಆಚೆಗಿನ ಕೃಷ್ಣಮೃಗ ವನದಲ್ಲಿ ನಾಲ್ಕು ವರ್ಷದಿಂದ ಅರಣ್ಯ ಇಲಾಖೆಯ ವಾಚರ್ ಆಗಿದ್ದ ಗಂಗಾಲಕ್ಷ್ಮಿಗೆ ಸಿಟ್ಟೂ ಬಂತು, ನಗುವೂ ಬಂತು.

“ಅನಾಥ ಅಲ್ಲ ಸಾರ್. ತಾಯಿ ಮರೀನ ಹುಲ್ಲಲ್ಲಿ ಬಚ್ಚಿಟ್ಟು ಮೇಯಕ್ಕೆ ಹೋಗುತ್ತೆ, ಹಾಲು ಕುಡ್ಸಕ್ಕೆ ಬರುತ್ತೆ. ಅಲ್ಲೀವರ್ಗೂ ಮರಿ ಅಲ್ಲಾಡಲ್ಲ. ಅಜ್ಜೀ, ನೀನು ದಿಕ್ಕಿಲ್ಲದ ಮರೀನ ತಂದಿಲ್ಲ. ತೊಟ್ಟಿಲಲ್ಲಿ ಮಲಗಿದ್ದ ಕೂಸನ್ನ ಎತ್ಕೊಂಡ್ ಬಂದಿದೀಯ.”

ಬಚ್ಚಮ್ಮನ ಮುಖ ಸಣ್ಣದಾಯಿತು.

ಅಷ್ಟರಲ್ಲಿ ಸುದ್ದಿ ತಿಳಿದು ರೇಂಜರ್ ಸುರೇಶ್ ಜೀಪಿನಲ್ಲಿ ಬಂದಿಳಿದರು. ಮರಿಯನ್ನು ಬೆಂಗಳೂರಿನ ಆರೈಕೆ ಕೇಂದ್ರಕ್ಕೆ ಸಾಗಿಸಲು ಪಂಜರವನ್ನೂ ತಂದಿದ್ದರು. ಅಲ್ಲಿಗೆ ಹೋದರೆ ಅದು ಬದುಕುತ್ತದೆ, ಸುಳ್ಳಲ್ಲ. ಆದರೆ ಬಾಟಲಿ ಹಾಲು ಕುಡಿದು ಬೇಲಿಯೊಳಗೆ ಬೆಳೆದ ಜೀವ ಮತ್ತೆ ಈ ಬಯಲಲ್ಲಿ ಓಡುವ ಮಾತಿಲ್ಲ.

“ಇಷ್ಟು ಅಲಂಕಾರ ಆದ್ಮೇಲೆ ತಾಯಿ ಇದನ್ನ ಹತ್ರ ಸೇರಿಸ್ಕೊಳ್ಳುತ್ತಾ ಅಮ್ಮ?” ಎಂದರು ಸುರೇಶ್.

“ಸೇರಿಸ್ಕೊಳ್ಳುತ್ತೆ ಸಾರ್. ಹೊತ್ತು ಮುಳುಗೋವರ್ಗೂ ಟೈಮ್ ಕೊಡಿ.”

“ಮುಳುಗಿದ್ರೆ ಜೀಪ್ ಹತ್ತಿಸ್ಬಿಡ್ತೀನಿ.”

“ಹತ್ಸಿ. ಆದ್ರೆ ಅಲ್ಲೀವರ್ಗೂ ಹೋಗಲ್ಲ ಬಿಡಿ.”

ಇದು ಬರೀ ಬಾಯಿಮಾತಿನ ಧೈರ್ಯವಲ್ಲ. ಸುಗಟೂರಿನ ಅವಳ ತಾಯಿಮನೆಯಲ್ಲಿ ಹಸು ತನ್ನ ಕರುವನ್ನೇ ಒದ್ದು ದೂರ ತಳ್ಳಿದರೆ, ಅಪ್ಪ ಆ ಹಸು ಮಲಗಿದ್ದ ಜಾಗದ ಹುಲ್ಲಿನಿಂದಲೇ ಕರುವಿನ ಮೈ ತಿಕ್ಕುತ್ತಿದ್ದ. ಗಂಟೆಯೊಳಗೆ ಹಸು ಕರುವನ್ನು ನೆಕ್ಕುತ್ತಿತ್ತು. ಹಸುವಿಗೆ ಆದದ್ದು ಜಿಂಕೆಗೆ ಯಾಕಾಗಬಾರದು?

ಗೆಜ್ಜೆ ಬಿಚ್ಚಿ, ಮರಿಯನ್ನು ರಾಗಿಹುಲ್ಲಿನಲ್ಲಿ ಸುತ್ತಿ, ಎಲ್ಲರೂ ತೋಟದ ಬದಿಗೆ ಹೋದರು. ಬಚ್ಚಮ್ಮ ತೋರಿಸಿದ ಕಡೆ ಹುಲ್ಲು ಇನ್ನೂ ತಟ್ಟೆಯಗಲ ಒರಗಿಕೊಂಡಿತ್ತು. ಗಂಗಾಲಕ್ಷ್ಮಿ ಆ ಹುಲ್ಲನ್ನೂ ಅದರ ಬುಡದ ಮಣ್ಣನ್ನೂ ಕಿತ್ತು ತಿಕ್ಕಲು ಕೂತರೆ, ಅಜ್ಜಿ ಅವಳ ಕೈ ಹಿಡಿದಳು.

“ಕೊಡಮ್ಮ ಇಲ್ಲಿ. ಹಚ್ಚಿದೋಳು ನಾನು, ನಾನೇ ತೆಗೀತೀನಿ.”

ಕೈ ತಾಗದಂತೆ ಹಿಡಿ ಹಿಡಿ ಹುಲ್ಲು ಬದಲಿಸುತ್ತಾ, ಕಿವಿ, ಹೊಟ್ಟೆ, ಗೊರಸು ಒಂದನ್ನೂ ಬಿಡದೆ ತಿಕ್ಕಿದಳು. ಅರಿಸಿನ ಹೋಗಿ ಮರಿ ಮಣ್ಣಿನ ಬಣ್ಣಕ್ಕೆ ಬಂತು. ಅದನ್ನು ಅಲ್ಲೇ ಮಲಗಿಸಿ, ನಾಲ್ವರೂ ದೂರದ ಹಿಪ್ಪುನೇರಳೆ ಸಾಲಿನ ಹಿಂದೆ ಕೂತರು.

ಸೂರ್ಯ ಇಳಿದು ಬೆಟ್ಟದ ತಲೆ ಮುಟ್ಟುವ ಹೊತ್ತಿಗೆ ಹೆಣ್ಣು ಜಿಂಕೆಯೊಂದು ನಿಂತು ನಿಂತು ಬಂತು. ಮರಿಯನ್ನು ಮೂಸಿತು. ಫಕ್ಕನೆ ಸೀನಿ, ಹಿಂದೆ ಸರಿದು, ತಿರುಗಿ ನಡೆಯಿತು.

“ಆಯ್ತಲ್ಲಮ್ಮ,” ಎಂದು ಸುರೇಶ್ ಏಳಲು ಹೋದರು.

“ಕೂತ್ಕೊಳ್ಳಿ ಸಾರ್. ಮರಿಗೆ ಹಸಿವಾಗಿದೆ. ಅಜ್ಜಿ ಕೊಟ್ಟ ಹಸುವಿನ ಹಾಲಿಗೆ ಅದು ಬಾಯೇ ಬಿಟ್ಟಿಲ್ಲ.”

ಬಚ್ಚಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಮರಿ ನಡುಗುತ್ತಾ ಎದ್ದು ನಿಂತು ಸಣ್ಣಗೆ ಕೂಗಿತು. ತಾಯಿ ನಿಂತಿತು. ಇನ್ನೊಂದು ಕೂಗಿಗೆ ಓಡಿಬಂದು ಮರಿಯ ಬೆನ್ನು ನೆಕ್ಕತೊಡಗಿತು. ಮರಿ ಹೊಟ್ಟೆಯಡಿಗೆ ನುಗ್ಗಿ ಬಾಲ ಅಲ್ಲಾಡಿಸುತ್ತಾ ಹಾಲು ಕುಡಿಯಿತು. ಗಂಗಾಲಕ್ಷ್ಮಿಗೆ ಕಣ್ಣು ತುಂಬಿ ಬಂತು. ಅದನ್ನೇನೂ ಅವಳು ಮುಚ್ಚಿಡಲಿಲ್ಲ.

“ಅಜ್ಜೀ, ಬೆಳಿಗ್ಗೆ ತೆಗೆದ ಫೋಟೋ ಅಳಿಸ್ಬಿಡ್ತೀನಿ,” ಎಂದ ಮುರಳಿಮೋಹನ್ ಮೆಲ್ಲಗೆ. “ನಿಮ್ ಮರ್ಯಾದೆ ಯಾಕೆ ಹೋಗ್ಬೇಕು?”

“ಯಾಕಪ್ಪಾ ಅಳಿಸ್ತೀಯ? ದೊಡ್ಡದಾಗೇ ಹಾಕು. ಊರ್ ಕೂಸುಗಳಿಗೆಲ್ಲ ನೀರು ಹಾಕಿದ ಬಚ್ಚಮ್ಮ, ತಾಯಿ ಇರೋ ಕೂಸನ್ನೇ ಕದ್ಕೊಂಡ್ ಬಂದ್ಬಿಟ್ಲು, ನೀವ್ಯಾರೂ ಮುಟ್ಬೇಡಿ ಅಂತ ಬರಿ.”

“ಜನ ನಗ್ತಾರಜ್ಜಿ.”

“ನಗ್ಲಿ. ನಗಕ್ಕಾದ್ರೂ ಓದ್ತಾರಲ್ಲ!”

ವನದ ಸುತ್ತ ಇಲಾಖೆಯವರು ನೆಟ್ಟ ‘ಮರಿ ಮುಟ್ಟಬೇಡಿ’ ಬೋರ್ಡುಗಳನ್ನು ನಾಲ್ಕು ವರ್ಷದಲ್ಲಿ ಒಬ್ಬರೂ ನಿಂತು ಓದಿದ್ದನ್ನು ಗಂಗಾಲಕ್ಷ್ಮಿ ಕಂಡಿರಲಿಲ್ಲ. ಮಾರನೆಯ ಬೆಳಿಗ್ಗೆ ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದು ನಿಂತವರೆಲ್ಲ ಪೇಪರನ್ನು ಕೈಯಿಂದ ಕೈಗೆ ದಾಟಿಸಿಕೊಂಡು ನಕ್ಕರು. ಫೋಟೋದಲ್ಲಿ ರೇಷ್ಮೆ ಸೀರೆ ಉಟ್ಟಿದ್ದ ಬಚ್ಚಮ್ಮನೂ ಅಲ್ಲೇ ನಿಂತು ಜೊತೆಗೆ ನಕ್ಕಳು.

ಒಂಬತ್ತನೆಯ ದಿನ ಗಂಗಾಲಕ್ಷ್ಮಿಯ ಫೋನು ಹೊಡೆದುಕೊಂಡಿತು. ಆಚೆ ಊರಿನ ರೈತ ಮುನಿಯಲ್ಲಪ್ಪ.

“ಮೇಡಂ, ನಮ್ ರಾಗಿ ಹೊಲದಲ್ಲಿ ಒಂದು ಜಿಂಕೆಮರಿ ಮಲಗೈತೆ. ಮುಟ್ಟಿಲ್ಲ ಮೇಡಂ. ನಾನು ಇನ್ನೊಬ್ಬ ಬಚ್ಚಮ್ಮ ಆಗೋದ್ ಬೇಡ ಅಂತ ರಸ್ತೇಲೇ ನಿಂತಿದೀನಿ.”